ನಾಳೆ ಬರೆದರಾಯ್ತು ಅನ್ನುವ ಕಥೆಗಾರರಿಗೆ ಒಂದು ಮಾರ್ಗದರ್ಶಿ

ಕಥೆ ತಲೆಯಲ್ಲಿ ಪೂರ್ತಿ ಇರುತ್ತದೆ. ಪಾತ್ರದ ಹೆಸರು ಗೊತ್ತು, ಅವಳು ಉಡುವ ಸೀರೆ ಗೊತ್ತು, ಕೊನೆಯ ಸಾಲು ಕೂಡ ಗೊತ್ತು. ಹಾಳೆ ಮಾತ್ರ ಖಾಲಿ. "ಈ ವಾರ ಲಗ್ನದ ಗಡಿಬಿಡಿ, ಮುಂದಿನ ವಾರ ಕೂತು ಬರೀತೀನಿ" ಅನ್ನುತ್ತೇವೆ. ಮುಂದಿನ ವಾರ ಜಾತ್ರೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನನಗೆ ಪರಿಚಯ ಇರುವ ಬರೆಯುವವರಲ್ಲಿ ಬರವಣಿಗೆ ಕೈಗೆ ಹತ್ತದೆ ಬಿಟ್ಟವರು ಕಡಿಮೆ. ಮುಂದೂಡಿ ಮುಂದೂಡಿ ಬಿಟ್ಟವರೇ ಜಾಸ್ತಿ. ಎಷ್ಟೋ ಒಳ್ಳೆಯ ಕಥೆಗಳು ಚಹಾದಂಗಡಿಯ ಬಾಯಿಮಾತಿನಲ್ಲೇ ಮುಗಿದು ಹೋಗಿವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇದನ್ನು ಸೋಮಾರಿತನ ಅಂತ ಕರೆಯಬೇಡಿ. ಕಥೆ ಮುಂದೂಡುವ ಇದೇ ಮನುಷ್ಯ ಮಾರ್ಚ್ ಕೊನೆಗೆ ಆಫೀಸಿನ ಲೆಕ್ಕ ಸರಿಯಾಗಿ ಒಪ್ಪಿಸುತ್ತಾನೆ. ಮಗಳ ಶಾಲೆಯ ಫೀ ಕೊನೆಯ ದಿನಕ್ಕೆ ಮುಂಚೆಯೇ ಕಟ್ಟಿರುತ್ತಾನೆ. ಹಾಗಾದರೆ ಕಥೆಗೆ ಮಾತ್ರ ಯಾಕೆ ಹೀಗೆ? ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯ್ಸ್ ಮತ್ತು ಟಿಮತಿ ಪಿಚಿಲ್ 2013ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಒಂದು ವಿವರಣೆ ಇದೆ. ನಾವು ಮುಂದೂಡುವುದು ಕೆಲಸವನ್ನು ನೆನೆದಾಗ ಆಗುವ ಇರಿಸುಮುರಿಸಿನಿಂದ ತಪ್ಪಿಸಿಕೊಳ್ಳಲು. ಎದ್ದು ಬೇರೇನೋ ಮಾಡಿದ ತಕ್ಷಣ ಮನಸ್ಸು ಹಗುರ ಆಗುತ್ತದೆ. ಆ ಹಗುರ ಅನ್ನುವ ಲಂಚಕ್ಕೆ ನಾಳೆಯೂ ಹಾಗೇ ಮಾಡುತ್ತೇವೆ. ಕಥೆಯ ವಿಷಯದಲ್ಲಿ ಇರಿಸುಮುರಿಸು ಇನ್ನೂ ಜಾಸ್ತಿ. ತಲೆಯಲ್ಲಿರುವ ಕಥೆ ಚೆಂದ, ಹಾಳೆಗೆ ಇಳಿದದ್ದು ಪೇಲವ. ಆ ಅಂತರ ನೋಡಲು ಯಾರಿಗೂ ಇಷ್ಟ ಇಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ಅಂತರದ ಹೆದರಿಕೆ ಕಡಿಮೆ ಮಾಡುವುದಕ್ಕೆ.

ಮೊದಲು: ಎಲ್ಲಿ ನಿಂತಿದ್ದೀರಿ ಅಂತ ಒಂದು ಸಾಲು ಬರೆಯಿರಿ

"ಯಾಕೋ ಬರೆಯೋಕೆ ಆಗ್ತಿಲ್ಲ" ಅಂದರೆ ಪರಿಹಾರ ಸಿಗುವುದಿಲ್ಲ. ಒಂದು ಚೀಟಿ ತೆಗೆದುಕೊಳ್ಳಿ. "ನಾನು ಕೂರದಿರುವುದು ಯಾಕೆಂದರೆ" ಅಂತ ಶುರು ಮಾಡಿ ಸಾಲು ಮುಗಿಸಿ. ಸುಳ್ಳು ಹೇಳಬೇಡಿ, ಯಾರೂ ಓದುವುದಿಲ್ಲ.

ಮುಂದೇನಾಗುತ್ತದೆ ಅಂತ ಗೊತ್ತಿಲ್ಲ ಎಂದು ಬಂದರೆ ಕೆಲಸ ಸುಲಭ, ಮುಂದಿನ ಹೆಜ್ಜೆಗೆ ಹೋಗಿ. ದಣಿವು ಅಂತ ಬಂದರೆ ಹೋಗಿ ಮಲಗಿ. ಅದು ಮುಂದೂಡಿಕೆ ಅಲ್ಲ, ದಣಿವೇ.

ನಮ್ಮ ಊರುಗಳಲ್ಲಿ ತುಂಬಾ ಜನರ ಚೀಟಿಯಲ್ಲಿ ಬರುವುದು ಇನ್ನೊಂದು ಕಾರಣ: "ಮನೆಯವರು ಓದಿದರೆ?" ಗದಗಿನಲ್ಲೋ ಹಾವೇರಿಯಲ್ಲೋ ಕಥೆ ಅಚ್ಚಾದರೆ ಬೀಗರ ಮನೆಯವರೆಗೂ ಸುದ್ದಿ ಮುಟ್ಟುತ್ತದೆ. "ಇದು ನಮ್ಮ ದೊಡ್ಡಪ್ಪನ ಜಮೀನಿನ ಜಗಳ ಅಲ್ವಾ?" ಅಂತ ಯಾರೋ ಕೇಳೇ ಕೇಳುತ್ತಾರೆ. ಈ ಹೆದರಿಕೆ ಸಣ್ಣದಲ್ಲ. ಆದರೆ ಬರೆಯುವುದು ಬೇರೆ, ಪ್ರಕಟಿಸುವುದು ಬೇರೆ. ಮೊದಲು ಇದ್ದದ್ದು ಇದ್ದ ಹಾಗೆ ಬರೆಯಿರಿ. ಆಮೇಲೆ ಊರು ಬದಲಿಸಿ, ಕಸುಬು ಬದಲಿಸಿ, ದೊಡ್ಡಪ್ಪನನ್ನು ಅತ್ತೆ ಮಾಡಿ. ಜಮೀನನ್ನು ಅಂಗಡಿ ಮಾಡಿದರೆ ಜಗಳದ ರೀತಿಯೇ ಬದಲಾಗುತ್ತದೆ. ಹೀಗೆ ಬದಲಿಸಿದ ಕಥೆ ಬಹಳ ಸಲ ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ, ಯಾಕೆಂದರೆ ಆಗ ನೀವು ನಡೆದದ್ದನ್ನು ವರದಿ ಮಾಡುವುದು ಬಿಟ್ಟು ಕಟ್ಟಲು ಶುರು ಮಾಡಿರುತ್ತೀರಿ.

ಕಥೆ ಬೇಡ, ಒಂದು ದೃಶ್ಯ ಹಿಡಿಯಿರಿ

"ಇವತ್ತು ಕಥೆ ಬರೆಯಬೇಕು" ಅನ್ನುವುದು ಕೆಲಸದ ಪಟ್ಟಿಗೆ ಸೇರುವ ಮಾತೇ ಅಲ್ಲ. ಅಷ್ಟು ದೊಡ್ಡದನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ನಿಮಗೆ ಬ್ಯಾಡಗಿ ಮಾರುಕಟ್ಟೆಯ ಮೇಲೆ ಕಥೆ ಬರೆಯುವ ಆಸೆ. ಮೆಣಸಿನಕಾಯಿ, ದಲಾಲರು, ರೈತರು, ಕೂಲಿ ಹೆಂಗಸರು, ಬೆಲೆ ಬಿದ್ದ ವರ್ಷ, ಎಲ್ಲ ತರಬೇಕು ಅಂತ ಇದೆ. ಹಾಗೆ ಯೋಚಿಸಿದರೆ ಪೆನ್ನು ಏಳುವುದಿಲ್ಲ. ಬದಲಿಗೆ ಚೀಟಿಯ ಮೇಲೆ ಹೀಗೆ ಬರೆಯಿರಿ: "ಮಲ್ಲವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಮಗನ ಫೋನಿಗೆ ಕಾಯುತ್ತಿದ್ದಾಳೆ." ಒಬ್ಬ ಮನುಷ್ಯ, ಒಂದು ಜಾಗ, ಒಂದು ಕಾಯುವಿಕೆ. ಇದು ಇವತ್ತಿನ ಕೆಲಸ. ದಲಾಲರು ನಾಳೆಯೋ ನಾಡಿದ್ದೋ ಬರಲಿ, ಬರದೇ ಇದ್ದರೂ ಸರಿ.

ಚೀಟಿಯಲ್ಲಿ ಕ್ರಿಯಾಪದ ಇರಲೇಬೇಕು ಅನ್ನುವುದು ನನ್ನ ಹಟ. "ಬಡತನ", "ವಲಸೆ", "ತಾಯಿ-ಮಗ" ಅಂತ ಬರೆದರೆ ಅದು ಭಾಷಣದ ವಿಷಯ. "ಕಾಯುತ್ತಿದ್ದಾಳೆ", "ಸಾಲ ಕೇಳಲು ಹೋಗುತ್ತಾನೆ", "ತಾಳಿ ಬಿಚ್ಚಿಡುತ್ತಾಳೆ" ಅಂದರೆ ಕೈಗೆ ಕೆಲಸ ಸಿಕ್ಕಿತು.

ಹಲಗೆ ಬಳಪ ಹಿಡಿಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಗದಗಿನ ವೀರನಾರಾಯಣ ಗುಡಿಗೆ ಹೋದವರಿಗೆ ಕುಮಾರವ್ಯಾಸನ ಕಂಬ ಗೊತ್ತು. ಅದಕ್ಕೆ ಒರಗಿ ಕೂತು ಅವನು ಭಾರತ ಹಾಡಿದ ಅಂತ ಜನ ನಂಬುತ್ತಾರೆ. ಆ ಕವಿ ತನ್ನ ಅಗ್ಗಳಿಕೆ ಹೇಳಿಕೊಳ್ಳುವ ಒಂದು ಪದ್ಯ ಇದೆ. ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದ ಅಳಿಸಿದವನಲ್ಲ ಅನ್ನುತ್ತಾನೆ. ಅಂದರೆ ಕಚ್ಚಾ ಪ್ರತಿಯೇ ಇಲ್ಲ. ನೇರ ಓಲೆಗೆ. ಹತ್ತು ಪರ್ವ ಭಾಮಿನಿ ಷಟ್ಪದಿಯಲ್ಲಿ ಹರಿಸಿದ ಮಹಾಕವಿ ಆ ಮಾತು ಹೇಳಬಹುದು. ನಮ್ಮ ಕಷ್ಟ ಏನೆಂದರೆ, ನಾವೂ ಒಳಗೊಳಗೇ ಅದನ್ನೇ ನಿಯಮ ಮಾಡಿಕೊಂಡಿದ್ದೇವೆ. ಮೊದಲ ಸಾಲು ಬರೆಯುತ್ತೇವೆ, ಓದುತ್ತೇವೆ, ಚೆನ್ನಾಗಿಲ್ಲ ಅನಿಸುತ್ತದೆ, ಹೊಡೆದು ಹಾಕುತ್ತೇವೆ. ಅರ್ಧ ಗಂಟೆಯಲ್ಲಿ ಅದೇ ಸಾಲು ಆರು ಥರ ಆಗಿ ಕೊನೆಗೆ ಹಾಳೆ ಹರಿಯುತ್ತೇವೆ. ಮರುದಿನ ಕೂರಲು ಮನಸ್ಸು ಬರುವುದಾದರೂ ಹೇಗೆ?

ಅದಕ್ಕೆ ನಾವು ಹಲಗೆ ಬಳಪ ಹಿಡಿಯಲೇಬೇಕು. ನಾಚಿಕೆ ಇಲ್ಲದೆ ಹಿಡಿಯಬೇಕು. ಹಳೆಯ ಡೈರಿಯ ಹಿಂಭಾಗ, ಮಕ್ಕಳ ಅರ್ಧ ಉಳಿದ ನೋಟ್‌ಬುಕ್, ಫೋನಿನ ನೋಟ್ಸ್, ಯಾವುದಾದರೂ ಸರಿ. ಒಳ್ಳೆಯ ಹಾಳೆ, ದುಬಾರಿ ಪೆನ್ನು ಮಾತ್ರ ಬೇಡ. ಅವು ಚೆಂದ ಬರೆ ಅಂತ ಒತ್ತಾಯ ಮಾಡುತ್ತವೆ.

ಮಲ್ಲವ್ವನ ದೃಶ್ಯದ ಮೊದಲ ಪ್ರತಿ ಹೀಗಿರಬಹುದು:

"ಮಲ್ಲವ್ವ ಕೂತಿದ್ದಳು. ಮೆಣಸಿನಕಾಯಿ ರಾಶಿ. ಕಡ್ಡಿ ತಳಿಯೋ ಡಬ್ಬಿ ತಳಿಯೋ ಆಮೇಲೆ ನೋಡಬೇಕು. ಘಾಟು, ಎಲ್ಲರೂ ಕೆಮ್ಮುತ್ತಾರೆ. ಫೋನು ಎಲ್ಲಿಟ್ಟಿದ್ದಾಳೆ, ಸಂಚಿಯಲ್ಲಾ ಮಡಿಲಲ್ಲಾ? ಮಗ ಮಾಡ್ತೀನಿ ಅಂದಿದ್ದ. ಇಲ್ಲಿ ಏನೋ ಆಗಬೇಕು, ಗೊತ್ತಿಲ್ಲ. ಫೋನು ಹೊಡೆಯುತ್ತದೆ. ಕೈ ತುಂಬ ಖಾರ. ಎತ್ತಿದರೆ ಕಿವಿಗೆ, ಕಣ್ಣಿಗೆ ಖಾರ. ಪಕ್ಕದವಳಿಗೆ ಎತ್ತು ಅನ್ನುತ್ತಾಳೆ. ಮಗನ ಮಾತು ಪಕ್ಕದವಳು ಕೇಳಿಸಿಕೊಳ್ಳುತ್ತಾಳೆ."

ಇದರಲ್ಲಿ ಒಂದು ವಾಕ್ಯವೂ ಚೆನ್ನಾಗಿಲ್ಲ. ಆದರೆ ಕೊನೆಯ ನಾಲ್ಕು ಸಾಲು ನೋಡಿ. ಖಾರದ ಕೈ, ಫೋನು ಎತ್ತಲಾಗದ ತಾಯಿ, ಮಗನ ಗುಟ್ಟು ಮೊದಲು ಪಕ್ಕದವಳ ಕಿವಿಗೆ ಬೀಳುವುದು. ಚೀಟಿ ಬರೆಯುವಾಗ ಇದು ಇರಲಿಲ್ಲ. ತಲೆಯಲ್ಲಿದ್ದ ಚೆಂದದ ಕಥೆಯಲ್ಲೂ ಇರಲಿಲ್ಲ. ಬರೆಯುತ್ತಾ ಬಂದಾಗ ಸಿಕ್ಕಿತು. ಕೆಟ್ಟದಾಗಿ ಬರೆಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಮೊದಲ ಪ್ರತಿಗೆ ಮೂರು ಕಟ್ಟಳೆ ಸಾಕು. ಹಿಂದೆ ತಿರುಗಿ ಓದಬಾರದು. ಮಾಹಿತಿ ಗೊತ್ತಿಲ್ಲದ ಕಡೆ "ನೋಡಬೇಕು" ಅಂತ ಬರೆದು ಮುಂದೆ ಹೋಗಬೇಕು, ಗೂಗಲ್ ತೆರೆಯಬಾರದು. ಆ ದಿನ ಯಾರಿಗೂ ತೋರಿಸಬಾರದು.

ಒದ್ದೆ ಪಂಚೆಯ ಹೊತ್ತು

ಕುಮಾರವ್ಯಾಸನ ಬಗ್ಗೆ ಇನ್ನೊಂದು ಐತಿಹ್ಯ ಇದೆ. ಗುಡಿಯ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬದ ಬುಡದಲ್ಲಿ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತಂತೆ. ನಿಜವೋ ಕಥೆಯೋ, ಇದರಲ್ಲಿ ನಮಗೆ ಬೇಕಾದ ವಿದ್ಯೆ ಇದೆ. ಶುರುವಿಗೆ ಒಂದು ಗುರುತು, ಮುಗಿತಾಯಕ್ಕೆ ಒಂದು ಗಡಿ. ಅವನ ಅಗ್ಗಳಿಕೆ ಬಿಡಿ, ಪಂಚೆ ತೆಗೆದುಕೊಳ್ಳಿ.

ಇಪ್ಪತ್ತೈದು ನಿಮಿಷಕ್ಕೆ ಫೋನಿನಲ್ಲಿ ಟೈಮರ್ ಇಡಿ. ಫೋನನ್ನು ಇನ್ನೊಂದು ಕೋಣೆಯಲ್ಲಿ ಬಿಡಿ, ಸದ್ದು ಕೇಳಿಸಿದರೆ ಸಾಕು. ಟೈಮರ್ ಹೊಡೆದಾಗ ಎದ್ದುಬಿಡಿ. "ಭಾನುವಾರ ಇಡೀ ದಿನ ಬರೆಯುತ್ತೇನೆ" ಅನ್ನುವ ಸಂಕಲ್ಪವನ್ನು ನಾನು ನಂಬುವುದಿಲ್ಲ. ಭಾನುವಾರ ನೆಂಟರು ಬರುತ್ತಾರೆ. ಅದಕ್ಕಿಂತ ದಿನಕ್ಕೆ 150 ಪದ ಲೆಕ್ಕ ಹಾಕಿ. ಎರಡು ವಾರಕ್ಕೆ 2,100 ಪದ. ಅಷ್ಟರಲ್ಲಿ ಒಂದು ಸಣ್ಣ ಕಥೆಯ ಕಚ್ಚಾ ಪ್ರತಿ ಮುಗಿಯುತ್ತದೆ. ನೌಕರಿಯಲ್ಲಿದ್ದುಕೊಂಡು ಇದು ಆಗುತ್ತಾ ಅನ್ನುವವರಿಗೆ ಇಂಗ್ಲೆಂಡಿನ ಆಂಥನಿ ಟ್ರೊಲೋಪ್ ನೆನಪಾಗಲಿ. ಅಂಚೆ ಇಲಾಖೆಯ ನೌಕರ. ಬೆಳಗಿನ ಜಾವ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆದು ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ. ಹಾಗೆ ಬರೆದೇ 40ಕ್ಕೂ ಹೆಚ್ಚು ಕಾದಂಬರಿ ಮುಗಿಸಿದ.

ಹೊತ್ತು ನಿಗದಿ ಮಾಡುವಾಗ "ಬೆಳಗ್ಗೆ" ಅಂತ ಬಿಟ್ಟರೆ ಸಾಲದು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ. "ಹೀಗಾದಾಗ, ಇಲ್ಲಿ, ಇದನ್ನು ಮಾಡುತ್ತೇನೆ" ಅಂತ ಮೊದಲೇ ಗಟ್ಟಿ ಮಾಡಿಕೊಂಡವರು ಸುಮ್ನೆ "ಮಾಡಬೇಕು" ಅಂದುಕೊಂಡವರಿಗಿಂತ ಜಾಸ್ತಿ ಮಾಡಿ ಮುಗಿಸುತ್ತಾರೆ. ಹಾಗಾಗಿ ಹೀಗೆ ಬರೆದಿಡಿ: "ಬೆಳಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟ ಕೂಡಲೇ, ಹಿತ್ತಲ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ನೋಟ್‌ಬುಕ್ ತೆರೆಯುತ್ತೇನೆ."

ಜೊತೆಗೆ ಅಡ್ಡಿಗೂ ಒಂದು ಸಾಲು ಇಡಿ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ನಳ ಬಂದ ದಿನದ ಬೆಳಗು ಯಾರ ಕೈಯಲ್ಲೂ ಇರುವುದಿಲ್ಲ. ಕೊಡ, ಬಕೆಟ್, ಸಿಂಟೆಕ್ಸ್ ತುಂಬುವುದರಲ್ಲೇ ಹೊತ್ತು ಹೋಗುತ್ತದೆ. ಅದರಲ್ಲೂ ಹೆಂಗಸರಿಗೆ. ಆದ್ದರಿಂದ "ನಳ ಬಂದರೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಹತ್ತು ನಿಮಿಷ" ಅಂತ ಮೊದಲೇ ಬರೆದಿಡಿ. ಇಲ್ಲದಿದ್ದರೆ ನಳ ಬಂದ ಒಂದು ದಿನ ಇಡೀ ವಾರವನ್ನು ತಿಂದು ಹಾಕುತ್ತದೆ.

ಮನೆಯಲ್ಲಿ ಕುರ್ಚಿಯೂ ಸಿಗದು, ಹೊತ್ತೂ ಸಿಗದು ಅನ್ನುವವರಿದ್ದಾರೆ. ಅವರ ಮೇಲೆ ಶಿಸ್ತಿನ ಪಾಠ ಹೇರುವುದು ಅನ್ಯಾಯ. ಅವರಿಗೆ ನಾನು ಹೇಳುವುದು ಮಾತಾಡಿ ಬರೆಯುವ ದಾರಿ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅಕ್ಷರ ಮೂಡುತ್ತದೆ. ತಪ್ಪುಗಳು ಇರುತ್ತವೆ, ಇರಲಿ, ಅದು ಹಲಗೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಓಡಾಡುವವರು ಉಣಕಲ್ಲಿನಿಂದ ನವನಗರದವರೆಗೆ ಒಂದು ದೃಶ್ಯ ಯೋಚಿಸಿ, ರಾಯಾಪುರ ದಾಟಿದ ಮೇಲೆ ಬೆರಳಲ್ಲೇ ನಾಲ್ಕು ಸಾಲು ಒತ್ತಬಹುದು. ಸೀಟು ಸಿಕ್ಕರೆ, ಅಷ್ಟೇ.

ಮನೆಮಾತು ಅಡ್ಡ ಬರುತ್ತಿದ್ದರೆ

ಈ ತೊಡಕು ನಮ್ಮ ಕಡೆಯವರಿಗೆ ವಿಶೇಷ. ಪಾತ್ರ ತಲೆಯಲ್ಲಿ ಧಾರವಾಡದ ಮಾತಾಡುತ್ತದೆ. ಕೈ ಅದನ್ನು ಪಠ್ಯಪುಸ್ತಕದ ಕನ್ನಡ ಮಾಡಲು ಹೋಗುತ್ತದೆ. "ಯವ್ವಾ, ಒಂದ್ ತುತ್ತರ ಉಣ್ಣು ಬಾ, ಹಿಂಗ ಕುಂತ್ರ ಹೆಂಗ?" ಅಂತ ಮಗ ಅನ್ನುತ್ತಾನೆ. ನಾವು ಬರೆಯುವುದು "ಅಮ್ಮಾ, ಒಂದು ತುತ್ತನ್ನಾದರೂ ಊಟ ಮಾಡು, ಹೀಗೆ ಕುಳಿತರೆ ಹೇಗೆ?" ಅಂತ. ಎರಡನೆಯದರಲ್ಲಿ ಮಗ ಇಲ್ಲ, ಯಾರೋ ನಾಟಕದ ಪಾತ್ರಧಾರಿ ಇದ್ದಾನೆ. ನಮಗೇ ಅದು ಸುಳ್ಳು ಅನಿಸುತ್ತದೆ. ಪೆನ್ನು ಕೆಳಗಿಡುತ್ತೇವೆ. ಹೊರಗೆ ನೋಡಿದವರಿಗೆ ಅದು ಮುಂದೂಡಿಕೆಯ ಹಾಗೆ ಕಾಣುತ್ತದೆ.

ಮೊದಲ ಪ್ರತಿಯನ್ನು ಪೂರ್ತಿ ಮನೆಮಾತಿನಲ್ಲೇ ಬರೆಯಿರಿ. ಸಂಭಾಷಣೆ ಮಾತ್ರ ಅಲ್ಲ, ನಿರೂಪಣೆಯನ್ನೂ. ಕಾಗುಣಿತ ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಪ್ರತಿಯಲ್ಲಿ ನಿರೂಪಣೆ ಎಷ್ಟು ಬದಲಿಸಬೇಕು, ಮಾತು ಎಷ್ಟು ಉಳಿಸಬೇಕು ಅಂತ ನೋಡಿದರಾಯ್ತು. ನನ್ನ ಕೇಳಿದರೆ ಮಾತು ಪೂರ್ತಿ ಉಳಿಸಿ. ವರಕವಿ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತಲ್ಲ, ಅವರ ಕಾವ್ಯದ ಜೀವಾಳ ಧಾರವಾಡದ ಈ ಆಡುಮಾತೇ.

ಎದ್ದೇಳುವಾಗ ಮುಗಿಸಬೇಡಿ

ದೃಶ್ಯ ಪೂರ್ತಿ ಮುಗಿಸಿ ಎದ್ದರೆ ಮರುದಿನ ಮತ್ತೆ ಖಾಲಿ ಹಾಳೆ. ಮುಂದಿನ ಸಾಲು ಗೊತ್ತಿರುವಾಗಲೇ ನಿಲ್ಲಿಸಿ. "ಪಕ್ಕದವಳು ಫೋನು ಕಿವಿಗೆ ಇಟ್ಟು..." ಅಂತ ಅರ್ಧಕ್ಕೆ ಬಿಡಿ. ನಾಳೆ ಆ ವಾಕ್ಯ ಮುಗಿಸಲು ಕೂತರೆ ಉಳಿದದ್ದು ಹಿಂದೆಯೇ ಬರುತ್ತದೆ. ಅಮೆರಿಕದ ಕಥೆಗಾರ ಹೆಮಿಂಗ್ವೇ ಪಾಲಿಸುತ್ತಿದ್ದ ಕ್ರಮ ಇದು.

ಬರವಣಿಗೆಯ ಹಾಗೆ ಕಾಣುವ ಕೆಲಸಗಳು

ಧಾರವಾಡ ಸಾಹಿತ್ಯದ ಊರು. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಹಿಡಿದು ಸಾಧನಕೇರಿಯ ಬೇಂದ್ರೆ ಭವನದವರೆಗೆ, ಸಂಜೆಯಾದರೆ ಒಂದಿಲ್ಲೊಂದು ಕಡೆ ಪುಸ್ತಕ ಬಿಡುಗಡೆ, ಉಪನ್ಯಾಸ, ಕವಿಗೋಷ್ಠಿ. ಇದು ನಮ್ಮ ಭಾಗ್ಯ. ಅಲ್ಲಿ ಕೂತು ಕೇಳಿ ಬೆಳೆದವರು ಎಷ್ಟೋ ಜನ. ಆದರೆ ಬರೆಯಬೇಕಾದ ಹೊತ್ತಿನಲ್ಲಿ ಸಭೆಗೆ ಹೋಗಿ ಬಂದರೆ ಸಾಹಿತ್ಯದ ಕೆಲಸ ಮಾಡಿದೆ ಅನ್ನುವ ಸಮಾಧಾನ ಸಿಗುತ್ತದೆ, ಕಥೆ ಅಲ್ಲೇ ಇರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಕವಿತೆಗೆ ಅಭಿಪ್ರಾಯ ಹಾಕುವುದೂ ಹಾಗೇ. "ಇನ್ನೂ ಸ್ವಲ್ಪ ಓದಿಕೊಂಡು ಬರೆಯುತ್ತೇನೆ" ಅನ್ನುವುದೂ ಹಾಗೇ. ಸುಲಭ ಪರಿಹಾರ: ಇಪ್ಪತ್ತೈದು ನಿಮಿಷ ಮೊದಲು, ಸಭೆ ಆಮೇಲೆ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬರೆಯದ ಕಥೆಯನ್ನು ಯಾರಿಗೂ ಹೇಳಬೇಡಿ. ಗಿರ್ಮಿಟ್ ತಿನ್ನುತ್ತಾ ಗೆಳೆಯರಿಗೆ ಹೇಳಿದಾಗ ಅವರು "ಭಾರಿ ಐತಿ" ಅನ್ನುತ್ತಾರೆ. ಬರೆದ ಮೇಲೆ ಸಿಗಬೇಕಾದ ಸಂತೋಷ ಅಲ್ಲೇ ಖರ್ಚಾಗುತ್ತದೆ.

ಕೇಳುವ ಒಬ್ಬರು, ಒಂದು ತಾರೀಖು

ಬರೆದ ಮೇಲೆ ಮಾತ್ರ ಜನ ಬೇಕು. 1922ರ ಸುಮಾರಿಗೆ ಬೇಂದ್ರೆಯವರು ಧಾರವಾಡದಲ್ಲಿ ಕಟ್ಟಿದ ಗೆಳೆಯರ ಗುಂಪು, 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ, ಇವುಗಳ ಹೆಸರು ಇವತ್ತೂ ಕೇಳುತ್ತೇವೆ. ಬರೆಯುವವರು ಒಬ್ಬರಿಗೊಬ್ಬರು ಓದಿ ಹೇಳಲು, ವಾದ ಮಾಡಲು ಇದ್ದ ಜಾಗಗಳು ಅವು. ನಿಮಗೆ ಅಷ್ಟು ದೊಡ್ಡದು ಬೇಡ. ಒಬ್ಬರು ಸಾಕು. ಹದಿನೈದು ದಿನಕ್ಕೊಮ್ಮೆ ಉಣಕಲ್ ಕೆರೆಯ ದಂಡೆಯಲ್ಲೋ ಫೋನಿನಲ್ಲೋ ಇಬ್ಬರೂ ತಂತಮ್ಮ ಎರಡು ಪುಟ ಓದಿ. ಹೊಗಳುವವರನ್ನು ಆರಿಸಬೇಡಿ, ಚುಚ್ಚುವವರನ್ನೂ ಬೇಡ. "ಮುಂದೇನಾಯ್ತು?" ಅಂತ ಕೇಳುವವರನ್ನು ಆರಿಸಿ.

ತಾರೀಖಿಗೆ ಪತ್ರಿಕೆಗಳ ಕಥಾಸ್ಪರ್ಧೆಗಳು ಒಳ್ಳೆಯ ನೆಪ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಪ್ರಕಟಣೆ ಹಬ್ಬಕ್ಕೆ ಬಹಳ ಮೊದಲೇ ಬರುತ್ತದೆ. ಕೊನೆಯ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅದಕ್ಕೆ ಮೂರು ವಾರ ಮೊದಲಿನ ದಿನವನ್ನೂ ಗುರುತು ಮಾಡಿ, ಕಚ್ಚಾ ಪ್ರತಿಯ ಗಡುವು ಅದು. ಉಳಿದ ಮೂರು ವಾರ ತಿದ್ದಲು.

ವಾರಗಟ್ಟಲೆ ತಪ್ಪಿ ಹೋದರೆ

ತಪ್ಪಿ ಹೋಗುತ್ತದೆ. ಮನೆಯಲ್ಲಿ ಯಾರಿಗೋ ಆರಾಮ ಇರುವುದಿಲ್ಲ, ಸುಗ್ಗಿ ಬರುತ್ತದೆ, ಪರೀಕ್ಷೆ ಬರುತ್ತದೆ. ಆಗ ನಾವು ನಮ್ಮನ್ನೇ ಬೈದುಕೊಳ್ಳುತ್ತೇವೆ. ಬೈದುಕೊಂಡಷ್ಟೂ ನೋಟ್‌ಬುಕ್ ಮುಟ್ಟಲು ಮುಜುಗರ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ತಪ್ಪಿದ ದಿನಗಳ ಸಾಲ ತೀರಿಸಲು ಹೋಗಬೇಡಿ. ಎರಡು ವಾರದ ಪದಗಳನ್ನು ಒಂದೇ ರಾತ್ರಿಯಲ್ಲಿ ಬರೆಯುವ ಹಟ ಬೇಡ. ಮೊದಲ ದಿನ ಐದು ನಿಮಿಷ ಕೂತು, ನಿಂತ ದೃಶ್ಯವನ್ನು ನೋಡಿ ಬರೆದುಕೊಳ್ಳಿ. ಕೈ ಅದೇ ದಾರಿಗೆ ಬರುತ್ತದೆ.

ತಿದ್ದುವುದು, ಕಳಿಸುವುದು

ಮೊದಲ ಪ್ರತಿ ಮುಗಿದ ಮೇಲೆ ಒಂದು ವಾರ ಕಪಾಟಿನಲ್ಲಿಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸುವ ಕಡೆ ಗುರುತು ಹಾಕಿ. "ನೋಡಬೇಕು" ಅಂತ ಬಿಟ್ಟ ಜಾಗಗಳನ್ನು ಈಗ ತುಂಬಿ. ಕಡ್ಡಿಯೋ ಡಬ್ಬಿಯೋ ಅಂತ ಬ್ಯಾಡಗಿಯವರನ್ನೇ ಕೇಳಿ.

ತಿದ್ದುವುದರಲ್ಲೂ ಮುಂದೂಡಿಕೆ ಅಡಗಿರುತ್ತದೆ, ಇದನ್ನು ಗಮನಿಸಿ. ಒಂದು ಪದ ಬದಲಿಸಿ, ಮರುದಿನ ಮತ್ತೆ ಹಳೆಯ ಪದವನ್ನೇ ಹಾಕುತ್ತಿದ್ದೀರಿ ಅಂದರೆ ಕಥೆ ಮುಗಿದಿದೆ ಅಂತ ಅರ್ಥ. ಆಗ ಕಳಿಸಿಬಿಡಿ. ಪದಮಿತಿ ನೋಡಿ. ಕಥೆಯ ಹಾಳೆಯ ಮೇಲೆ ಹೆಸರು ಇರಬಾರದು ಅನ್ನುವ ನಿಯಮ ಇದೆಯಾ ನೋಡಿ. ಟೈಪ್ ಮಾಡಿದ ಕಥೆ ನುಡಿ ಫಾಂಟಿನಲ್ಲಿ ಬೇಕಾ ಯೂನಿಕೋಡಿನಲ್ಲಿ ಬೇಕಾ ನೋಡಿ, ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಒತ್ತಕ್ಷರ ಕೆಡುವುದುಂಟು, ಆದ್ದರಿಂದ ಕಳಿಸುವ ಮುಂಚೆ ಒಮ್ಮೆ ಪೂರ್ತಿ ಓದಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕಳಿಸಿದ ದಿನ ಸಂಜೆಯೇ ಮುಂದಿನ ದೃಶ್ಯದ ಚೀಟಿ ಬರೆದು, ಬೆಳಗ್ಗೆ ಕೂರುವ ಕುರ್ಚಿಯ ಮೇಲೆ ಇಟ್ಟುಬಿಡಿ.